ಮಿನ್ ರಾಜ್ಯದ ಉಳಿದ ಕತೆ

ರೋಸ್ಮೇರಿ ಟೀಚರ್ ಶಿರಿಯದ ಶಾಲೆಯಲ್ಲಿ ಚರಿತ್ರೆ ಕಲಿಸಿದ್ದು ಒಂದೇ ಮಳೆಗಾಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠ ಕೇಳಿಸದಾದಾಗ ಪುಸ್ತಕ ಮುಚ್ಚಿ, ಮಕ್ಕಳನ್ನು ಮೇಜಿನ ಸುತ್ತ ಕೂರಿಸಿಕೊಂಡು, ಚೀನಾದ ಕಡಲತೀರದಲ್ಲಿ ಸಾವಿರ ವರ್ಷಗಳ ಹಿಂದೆ ಇದ್ದ ಮಿನ್ ರಾಜ್ಯದ ಕತೆ ಹೇಳುತ್ತಿದ್ದರು. ಅರ್ಧ ಕತೆಯಲ್ಲಿ ಮದುವೆ ಗೊತ್ತಾಗಿ ಮಂಗಳೂರಿಗೆ ಹೋದರು.

ಆ ತರಗತಿಯವರಿಗೆ ಈಗ ಐವತ್ತು ದಾಟಿದೆ. ಹೋದ ಭಾನುವಾರ ಎಲ್ಲರೂ ಹಳೆಯ ಶಾಲೆಯಲ್ಲಿ ಸೇರಿದರು. ಟೀಚರನ್ನು ಮಂಜೇಶ್ವರ ಸ್ಟೇಷನ್ನಿನಿಂದ ಕರೆತಂದವನು ಅದೇ ತರಗತಿಯ ಲೋಕಯ್ಯ, ಈಗ ಮೀನುಗಾರ. ಊಟವಾದ ಮೇಲೆ ಪ್ರಫುಲ್ಲಾ ಕೇಳಿದಳು:

"ಟೀಚರ್, ಆ ಚೀನಾದ ಕತೆ ಮುಗಿಸಲೇ ಇಲ್ಲ ನೀವು."

"ಎಲ್ಲಿಯವರೆಗೆ ಹೇಳಿದ್ದೆ?"

ಉತ್ತರ ಕೊಟ್ಟವನು ಲೋಕಯ್ಯ. ದೇಶವೆಲ್ಲ ದಂಗೆಯಾದಾಗ ಮೂವರು ಅಣ್ಣತಮ್ಮಂದಿರು ತಾಯಿಯನ್ನು ಕರೆದುಕೊಂಡು ಸೈನ್ಯದ ಜೊತೆ ದಕ್ಷಿಣಕ್ಕೆ ಹೊರಟದ್ದು. ಅಕ್ಕಿ ಸಾಲದು, ಮುದುಕರನ್ನು ಬಿಟ್ಟುಬಿಡಿ ಎಂದು ದಳಪತಿ ಹೇಳಿದಾಗ, ತಾಯಿಗಿಂತ ಮೊದಲು ನಮ್ಮನ್ನು ಕೊಲ್ಲು ಎಂದು ಮೂವರೂ ನಿಂತದ್ದು. ಕೊನೆಗೆ ಸೈನ್ಯವೇ ಅವರ ಕಡೆಯಾಗಿ, ಕಡಲ ಬದಿಯ ನಾಡು ಅವರ ಕೈಗೆ ಬಂದದ್ದು.

"ದೊಡ್ಡಣ್ಣ ಸಾಯುವಾಗ ಸ್ವಂತ ಮಕ್ಕಳನ್ನು ಬಿಟ್ಟು ಕಿರಿ ತಮ್ಮನಿಗೆ ನಾಡು ಕೊಟ್ಟ," ಎಂದ ಲೋಕಯ್ಯ. "ತಮ್ಮ ಅದನ್ನು ನಡು ಅಣ್ಣನಿಗೆ ಕೊಡಲು ಹೋದ. ಅವನೂ ಬೇಡ ಅಂದ. ಅಲ್ಲಿಗೆ ನಿಂತಿತ್ತು."

ಟೀಚರ್ ಅವನ ಕಡೆ ತಿರುಗಿದರು. ಅದೇ ತರಗತಿಯಲ್ಲಿ ಕಲಿತಿದ್ದ ಅಣ್ಣ ಉಗ್ಗಪ್ಪ ತೀರಿಕೊಳ್ಳುವ ಮೊದಲು ದೋಣಿಯನ್ನು ತನ್ನ ಹೆಸರಿಗೆ ಮಾಡಿದ್ದನೆಂದು ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ ಲೋಕಯ್ಯನೇ ಹೇಳಿದ್ದ.

"ಮುಂದಿನದು ಚಂದ ಇಲ್ಲ ಲೋಕಯ್ಯ. ಇಲ್ಲಿಗೇ ಬಿಡುವಾ?"

"ಇಷ್ಟು ವರ್ಷ ಕಾದದ್ದು ಟೀಚರ್. ಹೇಳಿ."

ಅವರು ಹೇಳಿದರು. ಕಿರಿಯವ ರಾಜನಾದ. ತೆರಿಗೆ ಇಳಿಸಿದ, ಶಾಲೆ ಕಟ್ಟಿಸಿದ, ಬಂದರು ತೆರೆದು ದೂರದ ಹಡಗುಗಳನ್ನು ಕರೆಸಿದ. ರಾಜನಾದರೂ ಸರಳವಾಗಿ ಬದುಕಿದ. ಅವನು ಸತ್ತ ಮೇಲೆ ಮಕ್ಕಳು ಸಿಂಹಾಸನಕ್ಕೆ ಹೊಡೆದಾಡಿದರು. ಅಣ್ಣನನ್ನು ತಮ್ಮ ಕೊಂದ, ಆ ತಮ್ಮನನ್ನು ಅವನ ಮಗನೇ ಕೊಲ್ಲಿಸಿದ. ನಾಡು ಎರಡು ಹೋಳಾಯಿತು. ನೆರೆಯ ರಾಜನ ಸೈನ್ಯ ಬಂದು ಉಳಿದದ್ದನ್ನು ಹಿಡಿಯಿತು. ರಾಜ್ಯವಾಗಿ ಅದು ನಲವತ್ತು ವರ್ಷವೂ ಬಾಳಲಿಲ್ಲ.

ಪ್ರಫುಲ್ಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಆ ರಾಜ್ಯ ಈಗಲೂ ಉಂಟು ಅಂತಲೇ ಎಣಿಸಿದ್ದೆ," ಎಂದಳು.

"ಬಂದರು ಎಂತಾಯಿತು ಟೀಚರ್?" ಲೋಕಯ್ಯ ಕೇಳಿದ.

"ಆ ಕರಾವಳಿಗೆ ಹಡಗು ಬರುವುದು ನಿಲ್ಲಲಿಲ್ಲ. ಆಮೇಲೆ ಇನ್ನೂ ಹೆಚ್ಚು ಬಂದವು."

ಲೋಕಯ್ಯ ಟೀಚರ ಕಡೆಗೆ ಸರಿದು ಕೂತ. "ಮಕ್ಕಳು ಹಾಗೆ ಮಾಡಿದ್ದಕ್ಕೆ, ಅಣ್ಣ ಕೊಟ್ಟದ್ದು ಸುಳ್ಳಾಗುವುದಿಲ್ಲವಲ್ಲ?"

"ಇಲ್ಲ," ಎಂದರು ಟೀಚರ್. "ಕೊಟ್ಟದ್ದು ಕೊಟ್ಟದ್ದೇ."

ಚಹಾ ಬಂತು. ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರೆಂದು ಮಾತು ಹೊರಳಿತು. ಉಗ್ಗಪ್ಪ ಕೂರುತ್ತಿದ್ದದ್ದು ಬಾಗಿಲ ಬಳಿ ಎಂದು ಪ್ರಫುಲ್ಲಾ ತೋರಿಸಿದಳು. ಲೋಕಯ್ಯ ಹೋಗಿ ಅಲ್ಲಿ ಕೂತು, ತನ್ನ ಚಹಾವನ್ನು ನಿಧಾನವಾಗಿ ಕುಡಿದ.