ಹತ್ತು ತುಂಡಿನ ಪದ

ಕ್ಯಾಪ್ಟನ್ ಗ್ನಾತ್‌ನ ಮೊದಲ ಏಟಿಗೇ ಲುದ್ವಿಕಾಳ ಎರಡು ಹಲ್ಲು ಮುರಿದವು. ಪೋಲೆಂಡಿನಲ್ಲಿ ಸೇನಾಡಳಿತ ಹೇರಿ ಮೂರು ತಿಂಗಳು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಈ ಹೆಂಗಸು ಕಳ್ಳ ಕರಪತ್ರಗಳಿಗೆ ಶಾಯಿ ಕುದಿಸುತ್ತಾಳೆಂದು ಯಾರೋ ಪುಣ್ಯಾತ್ಮ ಚಾಡಿ ಹೇಳಿದ್ದ. ಬೆಳಿಗ್ಗೆ ಹತ್ತಕ್ಕೆ ಟ್ರಾಮಿನಿಂದ ಇಳಿಸಿ ಎಳೆತಂದಿದ್ದರು.

"ಶಾಯಿಗೆ ಏನೇನು ಹಾಕ್ತೀಯ? ಅಚ್ಚಿನ ಯಂತ್ರ ಎಲ್ಲಿ? ಬೊಗಳು."

ಯಂತ್ರವಿದ್ದ ನೆಲಮಾಳಿಗೆಯಲ್ಲಿ ಅವಳ ಅಕ್ಕನ ಮಗಳು ಒತಿಲಿಯಾ ಇವಳಿಗಾಗಿ ಕಾಯುತ್ತಿದ್ದಳು. ಅವರ ಗುಂಪಿನ ಕಟ್ಟುಪಾಡು ಒಂದೇ: ಬರಬೇಕಾದವರು ಒಂದು ಗಂಟೆಯಲ್ಲಿ ಬರದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ಒಂದು ಗಂಟೆಯನ್ನು ಲುದ್ವಿಕಾ ಹೇಗಾದರೂ ತಳ್ಳಬೇಕಿತ್ತು.

"ಬರ್ಕೊಳ್ಳಿ," ಎಂದಳು ರಕ್ತ ಉಗುಳಿ. "ಹೆಕ್ಸಾಮೆತಿಲೆನೊತೆತ್ರಾಮಿನಾ."

ಬೆರಳಚ್ಚಿಗೆ ಕೂತಿದ್ದ ಸಾರ್ಜೆಂಟ್ ಪಿಜಿಕ್ ಕಣ್ಣು ಕಣ್ಣು ಬಿಟ್ಟ. "ಇನ್ನೊಂದ್ಸಲ ಹೇಳಿ ಮೇಡಂ."

"ಹತ್ತು ತುಂಡು ಮಾಡ್ಕೊಳ್ಳಿ, ಸಲೀಸಾಗುತ್ತೆ. ಹೆಕ್, ಸಾ, ಮೆ, ತಿ, ಲೆ, ನೊ, ತೆ, ತ್ರಾ, ಮಿ, ನಾ. ಕೊನೆಯಿಂದ ಎರಡನೇದನ್ನ ಒತ್ತಿ ಹೇಳ್ಬೇಕು."

ಪ್ರತಿ ತುಂಡಿಗೂ ಮೇಜಿಗೆ ಬೆರಳು ಕುಟ್ಟಿದಳು. ಮೂವತ್ತು ವರ್ಷದ ಅಭ್ಯಾಸ. ಆ ರಾಸಾಯನಿಕಕ್ಕೂ ಶಾಯಿಗೂ ಸಂಬಂಧವೇ ಇರಲಿಲ್ಲ, ಅದು ಈ ಪೆದ್ದರಿಗೆ ಗೊತ್ತಾಗಬೇಕಲ್ಲ. ಹೇಳಿಕೆಯಲ್ಲಿ ಒಂದಕ್ಷರವೂ ಹೊಡೆದುಹಾಕಿರಕೂಡದೆಂಬುದು ಠಾಣೆಯ ನಿಯಮ. ಪಿಜಿಕ್ ಏಳನೇ ತುಂಡಿನಲ್ಲಿ ಎಡವಿದ. ನಾಲ್ಕು ಹಾಳೆ, ನಡುವಿನ ಮೂರು ಕಾರ್ಬನ್, ಎಲ್ಲ ಕಿತ್ತು ಮತ್ತೆ ಮೊದಲಿಂದ ಶುರು.

"ಬೇಗ ಹೊಡಿಯೋ, ಎಮ್ಮೆ," ಎಂದ ಗ್ನಾತ್.

"ನೀವೇ ಒಂದ್ಸಲ ಹೇಳಿಕೊಡಿ ಸಾರ್," ಎಂದ ಪಿಜಿಕ್.

ಗ್ನಾತ್ ಬಾಯಿ ತೆರೆದ, ನಾಲ್ಕನೇ ತುಂಡಿಗೇ ನಾಲಿಗೆ ತೊಡರಿತು. ಆ ಅವಮಾನಕ್ಕೆ ಮೇಜಿನ ಮೇಲಿದ್ದ ಅವಳ ಬೆರಳುಗಳ ಮೇಲೆ ಲಾಠಿ ಬಿತ್ತು. ಎಲುಬು ಲಟಕ್ಕೆಂದಿತು. ಲುದ್ವಿಕಾ ಇನ್ನೊಂದು ಕೈಯಿಂದ ಕುಟ್ಟುತ್ತಾ ಅದಕ್ಕಿಂತ ಉದ್ದದ ಪದ ಹೇಳಿದಳು. ಅದಕ್ಕೆ ಪಕ್ಕೆಗೆ ಬೂಟು. ಮೂರನೇ ಪದಕ್ಕೆ ಕಿವಿಯಿಂದ ರಕ್ತ ಇಳಿಯಿತು. ಅಯ್ಯೋ, ಎಂಥ ಕಟುಕರು. ಇವರಿಗೂ ಮನೆಯಲ್ಲಿ ತಾಯಿ ಇದ್ದಳು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಳೆಯಿತು, ಹನ್ನೆರಡೂ ಕಳೆಯಿತು. ಯಾವುದಕ್ಕೂ ಇರಲಿ ಎಂದು ಒಂದರವರೆಗೂ ಏಟು ತಿಂದಳು. ಇನ್ನು ಆ ನೆಲಮಾಳಿಗೆಯಲ್ಲಿ ಇಲಿ ಬಿಟ್ಟರೆ ಯಾರೂ ಇರಲಿಕ್ಕಿಲ್ಲ. ಗ್ನಾತ್ ಮತ್ತೆ ಲಾಠಿ ಎತ್ತಿದಾಗ ಯಂತ್ರವಿದ್ದ ಮನೆಯ ನಿಜವಾದ ವಿಳಾಸವನ್ನೇ ಹೇಳಿದಳು. ಪಿಜಿಕ್ ಅದನ್ನು ಸಲೀಸಾಗಿ ಬರೆದುಕೊಂಡ. ಜೀಪು ಹೊರಟಿತು. ಇವಳು ಗೋಡೆಗೊರಗಿ, ಗೆದ್ದೆ ಎಂದುಕೊಂಡು, ಸಮಾಧಾನದಿಂದ ಉಸಿರುಬಿಟ್ಟಳು.

ಮುಕ್ಕಾಲು ಗಂಟೆಯಲ್ಲಿ ಒತಿಲಿಯಾಳನ್ನು ಕೂದಲು ಹಿಡಿದು ಎಳೆತಂದರು. ಹುಬ್ಬು ಒಡೆದಿತ್ತು, ಅಂಗೈ ತುಂಬ ಶಾಯಿ.

"ಹೋಗ್ಲಿಲ್ವೇನೇ?" ಎಂದಳು ಲುದ್ವಿಕಾ.

"ನಿಮ್ಮನ್ನ ಹಿಡಿದ್ರು ಅಂತ ಆಗ್ಲೇ ಗೊತ್ತಾಯ್ತು ಚಿಕ್ಕಮ್ಮ," ಎಂದಳು ಹುಡುಗಿ. "ಸತ್ರೂ ನೀವು ಬಾಯಿ ಬಿಡೋರಲ್ಲ. ಅದಕ್ಕೇ ಉಳಿದ ಹಾಳೆ ಮುಗಿಸೋಣ ಅಂತ ಕೂತೆ. ಯಾರು ಹೇಳಿದ್ರು ಇವರಿಗೆ?"