ಇಪ್ಪತ್ತೆಂಟು ಮಾತ್ರೆ

“ಮತ್ತೆ ಬಂದ್ಯಾ ಮುದುಕಿ? ತಲೆ ನೆರೆತ್ರೂ ನಿನ್ನ ತೀಟೆ ಇಳಿದಿಲ್ವಲ್ಲೇ!”

ನರ್ಸಮ್ಮ ನನ್ನ ಚೀಟಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಗಂಡಸು ಕಿಸಕ್ಕೆಂದ. ನಾಲ್ಕು ತಿಂಗಳಲ್ಲಿ ನಾನು ಅಲ್ಲಿಗೆ ಹೋದದ್ದು ಅದು ನಾಲ್ಕನೇ ಸಲ.

“ಏನು ತೊಂದರೆ? ಜೋರಾಗಿ ಹೇಳು.”

ಒಪ್ಪಿಸಿದೆ. ಬಿಳಿ ಹೋಗುತ್ತೆ, ವಾಸನೆ ಇದೆ. ಉಚ್ಚೆ ಹೊಯ್ಯುವಾಗ ಉರಿ. ಕೆಳಹೊಟ್ಟೆ ಹಿಂಡುತ್ತೆ. ಇದರಲ್ಲಿ ಒಂದೂ ನನ್ನದಲ್ಲ. ನನ್ನ ಜೊತೆ ಕೆಲಸ ಮಾಡುವವರದು. ಬಿಳಿ ಹೋಗುವುದು ಸೋಪಿನಕ್ಕನಿಗೆ, ಉರಿ ಇಸ್ತ್ರಿಯ ಇಬ್ಬರಿಗೆ, ಹೊಟ್ಟೆನೋವು ನಮ್ಮ ಹುಡುಗಿ ಪೀಪಿಗೆ.

“ಗಂಡ?”

“ಹೋಗಿ ಹತ್ತು ವರ್ಷ ಆಯ್ತು.” ಬಾಯಿ ತಪ್ಪಿ ನಿಜವೇ ಬಂದುಬಿಟ್ಟಿತು.

“ಆಹಾ! ಹಾಗಾದ್ರೆ ಇದನ್ನ ಗಾಳಿ ತಂದು ಹಾಕ್ತಾ?”

ಈಗ ಬೆಂಚೆಲ್ಲ ನಕ್ಕಿತು. ಒಳಗಿದ್ದ ಡಾಕ್ಟರು ತಲೆಯೆತ್ತದೆ ಬರೆದರು. “ಹದಿನಾಲ್ಕು ದಿನ. ಬೆಳಿಗ್ಗೆ ಒಂದು, ರಾತ್ರಿ ಒಂದು. ಮಧ್ಯೆ ಬಿಡಬಾರದು. ಜೊತೆಗಿರೋ ಗಂಡಸೂ ತಗೋಬೇಕು, ಇಲ್ದಿದ್ರೆ ತಿರುಗಿ ಬರುತ್ತೆ.” ಹೂಂ ಎಂದು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಲಾಡ್ಜುಗಳ, ಆಸ್ಪತ್ರೆಗಳ ಚಾದರ ಗಂಟುಗಟ್ಟಲೆ ಬರುತ್ತಿದ್ದವು. ಯಾರು ಯಾರ ಜೊತೆ ಮಲಗಿದರು, ಯಾರು ಹೆತ್ತರು, ಯಾರು ಸತ್ತರು ಎಲ್ಲ ಆ ಚಾದರಗಳ ಮೇಲೇ ಇರುತ್ತಿತ್ತು. ಅದನ್ನು ಕುದಿನೀರಲ್ಲಿ ಅದ್ದಿ, ಸೋಪಿನ ಪುಡಿ ಹಾಕಿ, ಕೋಲಲ್ಲಿ ತಿರುವಿ, ಹಿಂಡುವ ಯಂತ್ರಕ್ಕೆ ಕೊಟ್ಟು, ಇಸ್ತ್ರಿ ಹಾಕಿ ಮಡಚುವವರು ನಾವು ಎಂಟು ಹೆಂಗಸರು. ನೆನೆದ ಚಾದರ ಹೊರುವುದೆಂದರೆ ಹೆಣ ಹೊತ್ತ ಹಾಗೆ. ಮಂಗಳವಾರದ ಹೊತ್ತಿಗೆ ಅಂಗೈ ಸುಲಿದಿರುತ್ತಿತ್ತು.

ಹೊರಗೆ ಹೋಗಬೇಕೆಂದರೆ ಮೇಸ್ತ್ರಿಯ ಚೀಟಿ ಬೇಕು. ಎಂಟು ಜನರಲ್ಲಿ ತಿಂಗಳಿಗೆ ಒಬ್ಬಳಿಗೆ, ಅರ್ಧ ದಿನ. ಆಸ್ಪತ್ರೆಯ ಬಟ್ಟೆ ಮುಟ್ಟುವವರಿಗೆ ರೋಗವಿದೆ ಅಂತ ಗೊತ್ತಾದರೆ ಧಣಿ ಅವತ್ತೇ ಹೊರಗೆ ಹಾಕುತ್ತಿದ್ದ. ಹಾಗಾಗಿ ನಾನು ಮಂಡಿನೋವು ಅಂತ ಹೇಳಿ ಎಲ್ಲರ ಪರವಾಗಿ ಹೋಗುತ್ತಿದ್ದೆ.

ಇನ್ನು ಮಡಚಿದ ಚಾದರ ಜೋಡಿಸುವ ಕೋಣೆ. ಮೇಸ್ತ್ರಿ ಅದರ ಬಾಗಿಲಲ್ಲಿ ನಿಂತು, “ಏ, ನಿನ್ನ ಮಡಿಕೆ ನೆಟ್ಟಗಿಲ್ಲ, ಒಳಗೆ ಬಾ,” ಎಂದು ಒಬ್ಬಳನ್ನು ಕರೆಯುತ್ತಿದ್ದ. ಬರಲ್ಲ ಅಂದವಳಿಗೆ ಮರುದಿನ ಕೆಲಸವಿಲ್ಲ. ಬಾಗಿಲು ಹಾಕಿಕೊಂಡ ಕೂಡಲೇ ನಮ್ಮಲ್ಲಿ ಯಾರಾದರೊಬ್ಬಳು ಹೋಗಿ ಹಿಂಡುವ ಯಂತ್ರ ಹಾಕುತ್ತಿದ್ದಳು. ಒಣ ಯಂತ್ರ, ಬರೀ ಸದ್ದಿಗೆ. ಆಮೇಲೆ ಆ ಮಾತೇ ಇಲ್ಲ. ನನ್ನನ್ನು ಅವನು ಕರೆಯುತ್ತಿರಲಿಲ್ಲ. ನನ್ನ ವಯಸ್ಸು ನನ್ನನ್ನು ಉಳಿಸಿತ್ತು.

ಮೊದಲ ಪೊಟ್ಟಣ ತಂದದ್ದು ಸೋಪಿನಕ್ಕ ಒಬ್ಬಳಿಗೇ. ಊಟದ ಹೊತ್ತಿಗೆ ಕೊಟ್ಟರೆ ಅವಳು ಕೈಯಲ್ಲೇ ಇಟ್ಟುಕೊಂಡು ಕೂತಳು.

“ಯಾಕೇ, ನುಂಗೋಕೆ ಮುಹೂರ್ತ ಬೇಕಾ?”

“ಒಬ್ಳೇ ತಿಂದ್ರೆ ಗಂಟಲಲ್ಲಿ ಇಳಿಯಲ್ಲ ಕಣಕ್ಕ. ಇಸ್ತ್ರಿಯೋಳಿಗೂ ಇದೆ.”

ಇಸ್ತ್ರಿಯವಳು ಕೈ ಚಾಚಿದಳು. ಅವಳ ಪಕ್ಕದವಳೂ ಚಾಚಿದಳು. ಆಮೇಲೆ ಒಲೆಯ ಹತ್ತಿರ ಇದ್ದವಳು. ಸೋಪಿನಕ್ಕನದೂ ಸೇರಿ ಒಂದೊಂದಾಗಿ ಏಳು ಕೈ. ಕೊನೆಯ ಕೈ ಪೀಪಿಯದು.

ಪೀಪಿ ನನ್ನ ತಂಗಿಯ ಮಗಳು. ತಾಯಿ ಸತ್ತ ಮೇಲೆ ನಾನೇ ಸಾಕಿದವಳು. ನಕ್ಕರೆ ಪೀಪಿ ಊದಿದ ಹಾಗೆ, ಅದಕ್ಕೇ ಆ ಹೆಸರು. ಗಂಡ ಹಡಗಿಗೆ ಮೂಟೆ ತುಂಬುವವನು, ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ಅವಳಿಗೆ ಈ ಕೆಲಸ ಕೊಡಿಸಲು ಮೇಸ್ತ್ರಿಯ ಮುಂದೆ ಕೈ ಮುಗಿದು ನಿಂತಿದ್ದವಳು ನಾನು. ಅವಳ ಕೈ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಇಪ್ಪತ್ತೆಂಟು ಮಾತ್ರೆ, ಏಳು ಜನ, ತಲಾ ನಾಲ್ಕು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಸಮನಾಗಿ ಹಂಚಿದೆನೆಂದು ನನಗೆ ಹೆಮ್ಮೆ. ಎರಡು ದಿನಕ್ಕೆ ಉರಿ ಇಳಿಯಿತು, ಬಿಳಿ ನಿಂತಿತು. “ಅಕ್ಕನ ಕೈಗುಣ,” ಎಂದರು. ಇಪ್ಪತ್ತು ದಿನಕ್ಕೆ ತಿರುಗಿ ಬಂತು. ಮತ್ತೆ ಚೀಟಿ, ಮತ್ತೆ ನರ್ಸಮ್ಮನ ಬಾಯಿ, ಮತ್ತೆ ತಲಾ ನಾಲ್ಕು. ಪೊಟ್ಟಣದ ಮೇಲೆ ಬರೆದಿದ್ದನ್ನು ಓದುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಈಗ ನಾನು ಓದಬಲ್ಲೆ. ‘ಇಡೀ ಪೊಟ್ಟಣ ಒಬ್ಬರಿಗೆ’ ಎಂದಿದೆ.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪೀಪಿ ನನ್ನ ಕಿವಿಯ ಹತ್ತಿರ ಬಂದಳು.

“ದೊಡ್ಡಮ್ಮ, ಈ ಸಲ ಬಸಿರು ನಿಂತಿದೆ. ಒಂದೂವರೆ ತಿಂಗಳು.”

“ಗಂಡನಿಗೆ ಹೇಳಿದ್ಯಾ?”

“ಬರ್ಲಿ, ಎದುರಿಗೇ ಹೇಳ್ತೀನಿ. ಅವ್ನ ಮುಖ ನೋಡ್ಬೇಕು ನಾನು.”

“ಹೊಟ್ಟೆನೋವು?”

“ಇದೆ. ಇರ್ಲಿ ಬಿಡು, ಕೂಸು ಒದೀತಿದೆ ಅಂದ್ಕೋತೀನಿ.” ಪೀಪಿ ಊದಿದಳು. ಒಂದೂವರೆ ತಿಂಗಳಿಗೆ ಯಾವ ಕೂಸು ಒದೆಯುತ್ತದೆ!

ಎಂಟು ದಿನ ಕಳೆದು, ನೆನೆದ ಚಾದರ ಹೊತ್ತುಕೊಂಡು ಬರುತ್ತಿದ್ದವಳು ಯಂತ್ರದ ಮುಂದೆ ಕುಸಿದಳು. ಮುಖ ಸುಣ್ಣವಾಗಿತ್ತು. “ನಾಟಕ ನೋಡು ಲೌಡಿದು,” ಎಂದು ಮೇಸ್ತ್ರಿ ಕಾಲಲ್ಲಿ ತಿವಿದ. ಸೋಪಿನಕ್ಕ ಅವನನ್ನು ಆಚೆ ನೂಕಿ ಅವಳನ್ನು ಎತ್ತಿಕೊಂಡಳು. ಕೊಳೆ ಗಂಟುಗಳ ವ್ಯಾನಿನಲ್ಲಿ, ಗಂಟುಗಳ ಮೇಲೆಯೇ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿಯ ಡಾಕ್ಟರಮ್ಮ ಹೊರಗೆ ಬಂದಾಗ ಮಧ್ಯಾಹ್ನ ಮೀರಿತ್ತು.

“ಜೀವ ಉಳಿದಿದೆ. ಬಸಿರು ಗರ್ಭಕೋಶಕ್ಕೆ ಇಳಿದಿರಲಿಲ್ಲ, ನಾಳದಲ್ಲೇ ನಿಂತು ನಾಳ ಒಡೆದಿದೆ. ಅದನ್ನು ತೆಗೆದ್ವಿ. ಇನ್ನೊಂದು ನಾಳ ಕೀವಾಗಿ ಪೂರ್ತಿ ಅಂಟಿಹೋಗಿದೆ.”

“ಅಂದ್ರೆ?”

“ಇನ್ನು ಮಗು ಆಗೋದು ಕಷ್ಟ ಅಮ್ಮ. ಆಗಲ್ಲ ಅಂತಲೇ ಇಟ್ಕೊಳ್ಳಿ. ಹಳೇ ಸೋಂಕು. ಮೊದಲೇ ಹದಿನಾಲ್ಕು ದಿನ ಮಾತ್ರೆ ತಿಂದಿದ್ರೆ ಇಷ್ಟು ಆಗ್ತಿರ್ಲಿಲ್ಲ. ತಿಂದಿದ್ಲಾ?”

“ಎರಡು ದಿನ ತಿಂದಿದ್ಲು. ಪ್ರತಿ ತಿಂಗಳೂ ಎರಡು ದಿನ.”

ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಚ್ಚರವಾದ ಮೇಲೆ ಪೀಪಿ ನನ್ನ ಕೈ ಹುಡುಕಿ ಹಿಡಿದಳು. “ದೊಡ್ಡಮ್ಮ, ನೀ ಕೊಟ್ಟಷ್ಟೂ ತಿಂದೆ. ಒಂದೂ ಬಿಟ್ಟಿಲ್ಲ.”

ಸಂಜೆ ವ್ಯಾನಿನವನು ಧಣಿಯ ಮಾತು ತಂದ. ಆ ಹುಡುಗಿ ಇನ್ನು ಬರುವುದು ಬೇಡವಂತೆ.

ಮರುದಿನ ಏಳು ಜನವೂ ಚೀಟಿಯಿಲ್ಲದೆ ಗೇಟು ದಾಟಿದೆವು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ನೋಡಿ ಇಂಜೆಕ್ಷನ್ ಚುಚ್ಚಿಸಿದರು. ನನ್ನೊಬ್ಬಳನ್ನು ಬಿಟ್ಟು ಆರು ಜನಕ್ಕೂ ಒಬ್ಬೊಬ್ಬರಿಗೆ ಇಡೀ ಪೊಟ್ಟಣ ಕೊಟ್ಟರು. ಆಮೇಲೆ ಪೆನ್ನು ಹಿಡಿದು, “ಇನ್ನು ನಿಮ್ಮ ಗಂಡಸರದ್ದು,” ಎಂದರು.

“ಗಂಡಂದಿರಿಗೆ ಬೇರೆ ಬೇರೆ ಕೊಡಿ,” ಎಂದಳು ಸೋಪಿನಕ್ಕ. “ಅದರ ಮೇಲೆ ಇನ್ನೊಂದು ಕೊಡಿ. ಒಂದೇ ಸಾಕು, ನಮ್ಮೆಲ್ಲರಿಗೂ ಸೇರಿ.”

ಪೆನ್ನು ನಿಂತಿತು. ಡಾಕ್ಟರಮ್ಮ ಸೋಪಿನಕ್ಕನ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. “ಪೊಲೀಸರಿಗೆ ಬರೆದು ಕೊಡಲಾ?”

“ಅದೂ ಬರೀರಿ. ಮೊದಲು ಮಾತ್ರೆ ಕೊಡಿ.”

ಕಾರ್ಖಾನೆಗೆ ಬಂದಾಗ ಒಲೆ ಆರಿತ್ತು. ಧಣಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಪಕ್ಕದಲ್ಲಿ ಮೇಸ್ತ್ರಿ.

“ಬಂದ್ರು ನೋಡಿ ಧಣಿ, ರೋಗದ ಮುಂಡೇರು!”

“ಹೌದು,” ಎಂದೆ. “ರೋಗ ನಿಂದೇ. ನಿನ್ನ ಪಾಲು ತಂದಿದೀವಿ.”

ಪೊಟ್ಟಣ ಬಿಚ್ಚಿ ಒಂದು ಮಾತ್ರೆ ಅಂಗೈಯಲ್ಲಿಟ್ಟು ಚಾಚಿದೆ. ಸೋಪಿನಕ್ಕ ಲೋಟದಲ್ಲಿ ನೀರು ತಂದಳು. ಆರು ಜನ ಸುತ್ತ ನಿಂತರು. ಇಸ್ತ್ರಿಯವಳ ಕೈಯಲ್ಲಿ ಚಾದರ ತಿರುವುವ ಕೋಲಿತ್ತು.

“ಥೂ, ಯಾವಳೇ ನೀನು! ಧಣಿ, ನೋಡಿ ಇವ್ರ ಸೊಕ್ಕು!”

ಧಣಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಕುರ್ಚಿಯನ್ನು ಒಂದು ಮೊಳ ಆಚೆ ಎಳೆದುಕೊಂಡ. “ನುಂಗಿಬಿಡೋ ಬೋಳಿಮಗನೇ. ಇವತ್ತಿನ ಗಂಟು ಹಾಗೇ ಬಿದ್ದಿದೆ.”

ಅಷ್ಟೇ ಅವನು ಹೇಳಿದ್ದು. ಮೇಸ್ತ್ರಿ ನುಂಗಿ ಲೋಟ ಕೆಳಗೆ ಬಿಸಾಡಿದ.

“ಆಯ್ತಲ್ಲ, ನಡೀರಿ ಕೆಲ್ಸಕ್ಕೆ!” ಎಂದ ಧಣಿ.

ಒಬ್ಬಳೂ ಅಲ್ಲಾಡಲಿಲ್ಲ.

“ಬಾಯಿ ತೆಗಿ,” ಎಂದೆ ಮೇಸ್ತ್ರಿಗೆ.

ಅವನು ಕೋಲಿನ ಕಡೆ ನೋಡಿದ. ಬಾಯಿ ತೆಗೆದ. ನಾನು ಹತ್ತಿರ ಹೋಗಿ, ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ.

“ನಾಲಿಗೆ ಎತ್ತು.”