ವೆಂಕಮ್ಮನ ರುಜು

ಹೆಸರು ಬದಲಿಸಿದರೆ ಮಾನ ಉಳಿಯುತ್ತದೆ ಅಂತ ಯಾವ ಪುಣ್ಯಾತ್ಮ ಹೇಳಿದನೋ! ಕೊಪ್ಪದ ಕಾಲೇಜಿನಲ್ಲಿ, ಸಮಾಜಕಾರ್ಯ ಓದುವ ಬಿಎಸ್‌ಡಬ್ಲ್ಯೂ ಎರಡನೇ ವರ್ಷದವರ ಮುಂದೆ ನಿಂತು ನಿಶ್ಚಿತಾ ತನ್ನ ಫೀಲ್ಡ್ ವರ್ಕ್ ರೆಕಾರ್ಡ್ ಓದುತ್ತಿದ್ದಳು. 'ಕಮಲ' ಎಂಬ ಹುಡುಗಿಗೆ ಹದಿನಾರಕ್ಕೇ ತಾಳಿ ಕಟ್ಟಿಸಿದ್ದರಂತೆ. ಎಂಟನೇ ದಿನ ಅವಳು ಗಂಡನ ಮನೆಯಿಂದ ಓಡಿ ಬಂದಿದ್ದಳಂತೆ. ಈಗ ಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಳಂತೆ. ತಾಯಿ ಇಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಅಡಿಕೆ ಸುಲಿಯುವ ವಿಧವೆಯಂತೆ.

ನಾರ್ವೆಯಿಂದ ಆ ತರಗತಿಗೆ ಬರುತ್ತಿದ್ದವಳು ಒಬ್ಬಳೇ, ಕಾವ್ಯ. ಎಲ್ಲರ ತಲೆಯೂ ಅವಳ ಕಡೆ ತಿರುಗಿತು. ಆ ಒಂದು ವರ್ಷ ಶಾಲೆ ತಪ್ಪಿದ್ದೇಕೆಂದು ಕೇಳಿದವರಿಗೆಲ್ಲ ಟೈಫಾಯ್ಡ್ ಎಂದು ಹೇಳುತ್ತ ಬಂದಿದ್ದಳು ಪಾಪ. ನಾಲ್ಕು ವರ್ಷ ಮುಚ್ಚಿಟ್ಟದ್ದು ನಾಲ್ಕು ನಿಮಿಷದಲ್ಲಿ ಬೀದಿಗೆ ಬಿತ್ತು.

"ಎಂಟು ದಿನದ ಮದುಮಗಳೇ, ನಮಗೆ ಊಟ ಯಾವಾಗ ಹಾಕ್ಸ್ತಿ?" ಎಂದ ಹಿಂದಿನ ಬೆಂಚಿನ ಮೋಹಿತ್. ಹುಡುಗರು ಬೆಂಚು ಕುಟ್ಟಿ ನಕ್ಕರು. ರಘುಪತಿ ಮೇಷ್ಟ್ರಿಗೆ ಅದು ಕೇಳಿಸಲಿಲ್ಲವೋ, ಕೇಳಿಸುವುದು ಬೇಡವಾಗಿತ್ತೋ. "ಬಹಳ ಒಳ್ಳೆ ಕೇಸ್ ಸ್ಟಡಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಾಕೋಣ" ಎಂದರು. ಆ ಸಂಚಿಕೆ ಮೂರು ತಾಲ್ಲೂಕಿನ ಮನೆಮನೆಗೂ ಹೋಗುವಂಥದ್ದು.

ತರಗತಿ ಬಿಟ್ಟಿದ್ದೇ ತಡ, ಕಾವ್ಯ ನಿಶ್ಚಿತಾಳನ್ನು ವರಾಂಡದಲ್ಲೇ ಅಡ್ಡ ಹಾಕಿದಳು.

"ಹರಿದು ಹಾಕು ಅದನ್ನ."

"ಎಂತಕ್ಕೆ? ಹೆಸ್ರು ಬದಲಾಯಿಸಿದೀನಲ್ಲ" ಎಂದಳು ನಿಶ್ಚಿತಾ. ಸೀತೂರಿನ ದೊಡ್ಡ ಜಮೀನಿನ ಮನೆಯ ಹುಡುಗಿ, ದನಿ ಏರಿಸಿ ಗೊತ್ತಿಲ್ಲ, ಏರಿಸುವ ಅಗತ್ಯವೂ ಬಿದ್ದಿರಲಿಲ್ಲ. "ನಿಮ್ಮಮ್ಮನೇ ಕೂರಿಸಿ, ಕಾಫಿ ಕೊಟ್ಟು ಹೇಳಿದ್ದು ಮಾರಾಯ್ತಿ. ಒಪ್ಪಿಗೆ ಪತ್ರ ಬೇರೆ ಇದೆ. ನೋಡು, ಹೆಬ್ಬೆಟ್ಟು ಒತ್ತಿದಾರೆ."

ಕಾವ್ಯ ನೋಡಿದಳು. ವೆಂಕಮ್ಮ ಎಂಬ ಹೆಸರಿನ ಕೆಳಗೆ ನೇರಳೆ ಬಣ್ಣದ ಹೆಬ್ಬೆಟ್ಟಿನ ಗುರುತು.

ಅಯ್ಯೋ ಮಂಕೇ ನಿಶ್ಚಿತಾ, ಸಿಕ್ಕಿಬಿದ್ದೆಯಲ್ಲ! ಮೊದಲ ವರ್ಷದ ಫೀಲ್ಡ್ ವರ್ಕಿನಲ್ಲಿ ಅಕ್ಷರ ಕಲಿಸಬೇಕೆಂದಾಗ ಕಾವ್ಯ ಮೊದಲು ಹಿಡಿದು ಕೂರಿಸಿದ್ದೇ ತನ್ನ ತಾಯಿಯನ್ನು. ಕ್ಯಾಲೆಂಡರ್ ಹಾಳೆಯ ಹಿಂದೆ ತಿಂಗಳುಗಟ್ಟಲೆ ತಿದ್ದಿ ತಿದ್ದಿ ವೆಂಕಮ್ಮ ರುಜು ಕಲಿತಳು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ರೇಷನ್ ಅಂಗಡಿಯ ಮಿಷನ್ನಿಗೆ ಬೆರಳು ಕೊಡಿ ಎಂದರೂ "ನಂಗೆ ರುಜು ಬರ್ತದೆ, ಪೆನ್ನು ಕೊಡಿ" ಎಂದು ಜಗಳ ತೆಗೆದವಳು ಅವಳು.

ಕಾವ್ಯ ಕಾಗದ ವಾಪಸು ಕೊಟ್ಟಳು. ಮನೆಯಲ್ಲಿ ತಾಯಿಗೆ "ನಾಳೆ ಕಾಲೇಜಿಗೆ ಬಾ" ಎಂದಷ್ಟೇ ಹೇಳಿ ಮುಖ ತಿರುಗಿಸಿ ಮಲಗಿದಳು.

ಮರುದಿನ ಮೇಷ್ಟ್ರ ಕೋಣೆಯಲ್ಲಿ ನಿಶ್ಚಿತಾಳೂ ಇದ್ದಳು. ಕಾವ್ಯ ಒಪ್ಪಿಗೆ ಪತ್ರವನ್ನು ತಾಯಿಯ ಮುಂದೆ ಹಿಡಿದಳು. "ಇದು ನಿಂದಾ?"

"ನಾನೆಂತಕ್ಕೆ ಹೆಬ್ಬೆಟ್ಟು ಒತ್ಲಿ?" ವೆಂಕಮ್ಮನಿಗೆ ಅವಮಾನವೇ ಆಯಿತು. "ನಂಗೆ ರುಜು ಬರ್ತದಲ್ಲ!"

ನಿಶ್ಚಿತಾ ಮೇಷ್ಟ್ರ ಕಡೆ ತಿರುಗಿದಳು. "ಸಾರ್, ಪತ್ರಕ್ಕೆ ರುಜು ಹಾಕಿಸೋದು ಮರ್ತುಹೋಗಿತ್ತು. ಮರುದಿನವೇ ನಿಮಗೆ ಕೊಡಬೇಕಿತ್ತು. ಅವರಿಗೆ ಬರೆಯೋಕೆ ಬರಲ್ಲ ಅಂದ್ಕೊಂಡು ನಾನೇ..."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ ಎಂದುಕೊಂಡಿರಾ? ಎಲ್ಲಿಯ ಮಾತು! ಡ್ರಾಯರಿನಿಂದ ಹೊಸದೊಂದು ಒಪ್ಪಿಗೆ ಪತ್ರ ತೆಗೆದು ಮೇಜಿನ ಮೇಲಿಟ್ಟರು. "ಆದದ್ದು ಆಯ್ತು. ಪಾಪ, ನಿಶ್ಚಿತಾಳ ಭವಿಷ್ಯ ಹಾಳಾಗೋದು ಬೇಡ. ಅಮ್ಮಾ, ಇಲ್ಲೊಂದು ರುಜು ಹಾಕಿಬಿಡಿ, ಎಲ್ಲ ಸರಿಹೋಗ್ತದೆ." ಕಾವ್ಯಳ ಕಡೆ ತಿರುಗಿ, "ನಿಂಗೂ ಮಾರ್ಕ್ಸ್ ಕೊಡೋನು ನಾನೇ, ನೆನಪಿರಲಿ" ಎಂದರು.

ವೆಂಕಮ್ಮ ಪೆನ್ನು ತೆಗೆದುಕೊಂಡಳು. ಓದಿದವರ ಮಾತಿಗೆ ಅಮ್ಮ ಯಾವತ್ತೂ ಇಲ್ಲ ಎಂದವಳಲ್ಲ. ಅವತ್ತು ಕಾವ್ಯಳ ಮದುವೆಗೂ ಹೀಗೇ, ಯಾರೋ ದೊಡ್ಡವರು ಹೇಳಿದರೆಂದು ತಲೆಯಾಡಿಸಿದ್ದಳು.

"ಇದ್ರಲ್ಲಿ ನನ್ ಬಗ್ಗೆ ಎಂತ ಬರ್ದಿದೆ?" ಕೇಳಿದಳು ವೆಂಕಮ್ಮ.

ಕಾವ್ಯಳೇ ರೆಕಾರ್ಡ್ ತೆರೆದು ಓದಿದಳು: "ಮಗಳ ಬದುಕು ಹಾಳು ಮಾಡಿದ್ದರ ಬಗ್ಗೆ ತಾಯಿಗೆ ಪಶ್ಚಾತ್ತಾಪ ಇದ್ದಂತೆ ಕಾಣುವುದಿಲ್ಲ."

ವೆಂಕಮ್ಮ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. "ಈ ರುಜು ಕಲ್ಸಿದ್ದು ನನ್ ಮಗಳು. ಅವಳ ಮಾನ ಕಳೆಯೋಕೆ ನಾ ಹಾಕಲ್ಲ ಸಾರ್." ಆಮೇಲೆ ನಿಶ್ಚಿತಾಳನ್ನು ನೋಡಿದಳು. "ಅವತ್ತು ನಿನ್ನೆದುರು ಅಷ್ಟು ಹೊತ್ತು ಅತ್ತೆನಲ್ಲ ಮಗಾ, ಅದನ್ನೆಂತಕ್ಕೆ ಬರೀಲಿಲ್ಲ?"

ಕಾವ್ಯ ರೆಕಾರ್ಡನ್ನೂ ಹೆಬ್ಬೆಟ್ಟಿನ ಕಾಗದವನ್ನೂ ಬ್ಯಾಗಿಗೆ ತುರುಕಿದಳು. ಅದು ಕಾಲೇಜಿನದು ಎಂದು ಮೇಷ್ಟ್ರು ಎದ್ದರು. "ಪೊಲೀಸ್ ಸ್ಟೇಷನ್ನಿಗೇ ಕೊಡ್ಲಾ ಸಾರ್? ಹೆಬ್ಬೆಟ್ಟು ಯಾರದ್ದು ಅಂತ ಅವರೇ ಹೇಳ್ತಾರೆ" ಎಂದಳು ಕಾವ್ಯ. ಮೇಷ್ಟ್ರು ಕೂತರು.

ತಾಯಿ ಮಗಳು ಬಸ್‌ಸ್ಟ್ಯಾಂಡಿಗೆ ನಡೆದು ಬಂದರು. ಗೆದ್ದಿದ್ದರೂ ಕಾವ್ಯಳ ಸಿಟ್ಟು ಇಳಿದಿರಲಿಲ್ಲ.

"ಅವಳ ಹತ್ರ ಎಂತಕ್ಕೆ ಹೇಳ್ದೆ? ಟೈಫಾಯ್ಡ್ ಅನ್ನು ಅಂತ ನಂಗೆ ಹೇಳಿಕೊಟ್ಟಿದ್ದೇ ನೀನು!"

"ಅವಳು ಕೇಳಿದ್ಲು ಕಣೇ. 'ಆಗ ನಿಮಗೆ ಹೇಗಾಯ್ತು ಅಮ್ಮಾ' ಅಂತ." ವೆಂಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಲ್ಕು ವರ್ಷದಲ್ಲಿ ನೀ ಒಂದಿನ ಕೇಳಿದ್ಯಾ?"

'ನಿಮಗೆ ಹೇಗಾಯ್ತು' ಎಂಬ ಆ ಪ್ರಶ್ನೆ ಕಾವ್ಯಳಿಗೆ ಬಾಯಿಪಾಠವಾಗಿತ್ತು. ಫೀಲ್ಡ್ ವರ್ಕಿಗೆಂದು ಶೃಂಗೇರಿ, ಎನ್.ಆರ್.ಪುರ ಅಂತ ಸುತ್ತಿ, ಪುಸ್ತಕ ಹಿಡಿದು ನಲವತ್ತು ಹೆಂಗಸರನ್ನು ಕೇಳಿದ್ದಳು.

"ಕೇಳಿದ್ರೆ ಕ್ಷಮಿಸ್ಬೇಕಾಗ್ತಿತ್ತು" ಎಂದಳು.

ನಾರ್ವೆಯ ಬಸ್ಸು ಬಂತು. ಇಬ್ಬರೂ ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂತರು.